ಕಾಲರಿನೊಳಗಿನ ಸುಳ್ಳು!

ಈ ವಾರ ನನ್ನದೇ ಒಂದು ಗುಟ್ಟು ಬಿಚ್ಚುತ್ತೇನೆ. ನಗಬೇಡಿ!

ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಒಂದು ಶರ್ಟ್ ಕಂಡೆ. ನನ್ನ ಮೆಚ್ಚಿನ ಹೀರೋ ಪೋಸ್ಟರಿನಲ್ಲಿ ತೊಟ್ಟದ್ದರ ಪಡಿಯಚ್ಚು. ಕಾಲರಿನೊಳಗೆ ದೊಡ್ಡ ವಿದೇಶಿ ಕಂಪನಿಯ ಹೆಸರು ಬೇರೆ! "ಅಸಲಿ 8,000 ರೂಪಾಯಿ ಸಾರ್" ಅಂದ ಮಾರುವವ. ಚೌಕಾಸಿ ಮಾಡಿ 300ಕ್ಕೆ ತಂದೆ. ಪಿಯುಸಿ ಅರ್ಧಕ್ಕೆ ಬಿಟ್ಟು, ಬರೆದ ಪುಟಕ್ಕೆ ಇಷ್ಟು ಅಂತ ಎಣಿಸಿಕೊಳ್ಳುವವನಿಗೆ 8,000 ಎಲ್ಲಿಂದ ಬರಬೇಕು?

ಹೀರೋ ಹಾಗೆ ಕಾಣುವ ಆಸೆ ತಪ್ಪಲ್ಲ ಬಿಡಿ. ಬೆಲ್‌ಬಾಟಂ ಕಾಲದಲ್ಲಿ ನಮ್ಮ ಅಪ್ಪ, ಚಿಕ್ಕಪ್ಪಂದಿರು ಪತ್ರಿಕೆಯ ಫೋಟೋ ಕತ್ತರಿಸಿ ಟೈಲರ್ ಮುಂದಿಟ್ಟು, "ಹೀಗೇ ಹೊಲಿ ಗುರೂ" ಅಂತಿದ್ದರು. 2018ರಲ್ಲಿ ‘ಕೆ.ಜಿ.ಎಫ್’ ಬಂದಾಗ ನಾವೂ ಗಡ್ಡ ಬಿಟ್ಟೆವು. ಗಡ್ಡಕ್ಕೆ ಕಾಸು ಬೇಡ, ಕೋಟಿಗೆ ಬೇಕಲ್ಲ!

ಶರ್ಟ್ ತೊಟ್ಟು ಮನೆಯಲ್ಲಿ ಗತ್ತಿನಿಂದ ನಿಂತೆ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಅತ್ತಿಗೆ ಕಾಲರ್ ಮಡಿಸಿ ನೋಡಿದರು. ಲೇಬಲ್ ಅಲ್ಲ, ಹೊಲಿಗೆ!

"300ಕ್ಕಾ? ಬಟ್ಟೆ, ಗುಂಡಿ, ಲಾರಿ ಬಾಡಿಗೆ, ಮಾರೋನ ಲಾಭ... ಎಲ್ಲಾ ಕಳೆದ್ರೆ ಹೊಲಿದೋಳಿಗೆ ಏನುಳೀತಪ್ಪಾ?"

"8,000ದ್ದು ಹೊಲಿದೋಳು ಕಾರಲ್ಲಿ ಓಡಾಡ್ತಾಳಾ ಅತ್ತಿಗೆ?" ಅಂದೆ, ಭಾರಿ ಬುದ್ಧಿವಂತನ ಹಾಗೆ.

ಅತ್ತಿಗೆ ನಕ್ಕರು. "ನಾನು ಹೊಲಿಯೋದು ಅಂಥದ್ದನ್ನೇ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ತಪ್ಪಿದ್ರೆ ಸೂಪರ್‌ವೈಸರ್ ಬೈಗುಳ. ನಾನಿನ್ನೂ ಬಸ್ಸಲ್ಲೇ ಹೋಗ್ತೀನಿ."

ನನ್ನ ಬಾಯಿ ಬಂದ್! 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಬಿರುಕು ಕಂಡಿತ್ತು; ಆದರೂ ಕೆಲಸಕ್ಕೆ ಕರೆಸಿದ್ದರು. ಅಲ್ಲಿ ಹೊಲಿಯುತ್ತಿದ್ದದ್ದು ನಕಲಿ ಮಾಲಲ್ಲ, ಹೆಸರಾಂತ ವಿದೇಶಿ ಕಂಪನಿಗಳ ಅಗ್ಗದ ಉಡುಪು. ಅಂದರೆ ಅಸಲಿ ಕೊಂಡವನ ಕೈಯೂ ಶುದ್ಧವಲ್ಲ!

ಹಾಗಂತ ನನ್ನದು ಸರಿಯಾಯಿತೇ? ಫೋಟೋ ನೋಡಿ ಹೊಲಿಸುವುದು ಬೇರೆ, ಇನ್ನೊಬ್ಬರ ಹೆಸರು ಅಂಟಿಸುವುದು ಬೇರೆ. ಸುಳ್ಳು ಲೇಬಲ್ ಹಚ್ಚಿ ಮಾರಿದವನಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲುಂಟು. ಗೊತ್ತಿದ್ದೂ ಕೊಂಡು ಮೆರೆದ ನನಗೆ ನಾಚಿಕೆಯೇ ಶಿಕ್ಷೆ.

ಶರ್ಟ್ ಎಸೆಯಲಿಲ್ಲ. ಎಸೆದರೆ ಹೊಲಿದವಳಿಗೆ ಏನು ಸಿಕ್ಕೀತು? ಬ್ಲೇಡಿನಿಂದ ಲೇಬಲ್ ಬಿಚ್ಚಿದೆ. ಹರಿಯೋ ತನಕ ಹಾಕ್ತೀನಿ. ಮುಂದಿನ ಹಬ್ಬಕ್ಕೆ ಫೋಟೋ ಹಿಡಿದು ನಮ್ಮ ಬೀದಿಯ ಟೈಲರ್ ಹತ್ತಿರ ಹೋಗುವುದು ಅಂತ ತೀರ್ಮಾನ. ಮೂರು ನಕಲಿಯ ದುಡ್ಡಿಗೆ ಒಂದೇ ಶರ್ಟ್, ಕೂಲಿ ನೇರ ಅವರ ಕೈಗೆ.

ಅಷ್ಟರಲ್ಲಿ ಹೀರೋ ಶರ್ಟ್ ಬದಲಿಸಿದರೆ? ಬದಲಿಸಲಿ. ನಾನಂತೂ ಬದಲಿಸೋಲ್ಲ ಸ್ವಾಮೀ!