ತಪಾಸಣೆಯ ನಂತರ ಕೆಲಸದ ಜಾಗವೂ ಬದಲಾಗಲಿ: ಒಂದು ಮನವಿ ಪತ್ರ

ಇವರಿಗೆ,
ಮಾನ್ಯ ನಿರ್ದೇಶಕರು,
ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ, ಬೆಂಗಳೂರು.
(ಮಾನ್ಯ ಜಿಲ್ಲಾಧಿಕಾರಿಗಳು, ಕೋಲಾರ, ಇವರ ಮುಖಾಂತರ)

ವಿಷಯ: ನಲವತ್ತು ದಾಟಿದ ಕಾರ್ಖಾನೆ ಕಾರ್ಮಿಕರಿಗೆ ನೆರವಿನ ಸಲಕರಣೆ ಒದಗಿಸುವುದನ್ನು ಕಡ್ಡಾಯಗೊಳಿಸುವ ಕುರಿತು.

ಮಾನ್ಯರೇ,

2017ರಲ್ಲಿ ರಾಜ್ಯ ಸರ್ಕಾರ ಖಾಸಗಿ ಕಾರ್ಖಾನೆಗಳ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಭರವಸೆ ಕೊಟ್ಟಿವೆ. ಎರಡೂ ಸ್ವಾಗತಾರ್ಹ. ಆದರೆ ದುಡಿಯುವ ವರ್ಷಗಳು ಹೆಚ್ಚಿದವು, ದೇಹ ಎಲ್ಲಿ ಸವೆದಿದೆಯೆಂದು ಬರೆದಿಡುವ ಏರ್ಪಾಡೂ ಆಯಿತು. ಬರೆದಿಟ್ಟ ಮೇಲೆ ಆ ಕಾರ್ಮಿಕ ನಿಲ್ಲುವ ನೆಲ, ಬಗ್ಗುವ ಮೇಜು, ಎತ್ತುವ ಭಾರ ಬದಲಾಗಬೇಕೆಂಬ ಸ್ಪಷ್ಟ ಹೊಣೆಯನ್ನು ಮಾತ್ರ ಯಾರ ಮೇಲೂ ಹೊರಿಸಿಲ್ಲ. ಹಾಗಾದರೆ ಸೊಂಟ ನೋವೆಂದು ಬರೆದ ಚೀಟಿಯೇ ಕೆಲಸದಿಂದ ಬಿಡಿಸುವುದಕ್ಕೆ ನೆಪವಾಗಬಹುದು. ಅದನ್ನು ತಡೆಯಿರೆಂಬುದೇ ನಮ್ಮ ಮನವಿ.

ಗೌನಿಪಲ್ಲಿಯಂಥ ಗಡಿಯಂಚಿನ ಊರುಗಳಿಗೆ ಮಾವು, ಟೊಮೆಟೊ, ರೇಷ್ಮೆಯ ಜೊತೆಗೆ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳೂ ಈಗ ಜೀವನೋಪಾಯದ ಲೆಕ್ಕದೊಳಗೆ ಸೇರಿವೆ. ಅಲ್ಲಿನ ಲೈನ್‌ಗಳಲ್ಲಿ ಹೆಚ್ಚಿನವರು ಹುಡುಗ ಹುಡುಗಿಯರೇ ಅಲ್ಲವೇ, ವಯಸ್ಸಾದವರ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ವಯಸ್ಸಾದವರು ಅಲ್ಲಿ ಕಾಣದಿರುವುದೇ ನಮ್ಮ ಪ್ರಶ್ನೆ. ನೌಕರರ ಪಿಂಚಣಿ ಯೋಜನೆಯ ಪ್ರಕಾರ ಪೂರ್ಣ ಪಿಂಚಣಿ 58ಕ್ಕೆ. ಹತ್ತು ವರ್ಷ ಸೇವೆ ಮಾಡಿ 50ಕ್ಕೇ ಹೊರಬಿದ್ದವರು ಆಗಲೇ ಪಡೆಯಲು ಹೋದರೆ, ಉಳಿದ ಒಂದೊಂದು ವರ್ಷಕ್ಕೂ ಶೇ 4ರಂತೆ ಕಡಿತ. ಗುತ್ತಿಗೆಯಲ್ಲಿ ಕಂಪನಿ ಬದಲಿಸುತ್ತ ಹೋದವರಲ್ಲಿ ಎಷ್ಟೋ ಮಂದಿಗೆ ಆ ಹತ್ತು ವರ್ಷವನ್ನು ಕೂಡಿಸುವುದೇ ಕಷ್ಟ. ಇಂದು ಇಪ್ಪತ್ತೈದರಲ್ಲಿರುವವರೆಲ್ಲ ಹದಿನೈದು ವರ್ಷಕ್ಕೆ ನಲವತ್ತಾಗುತ್ತಾರೆ. ಇದಕ್ಕೆ ಸಮೀಕ್ಷೆ ಬೇಕಿಲ್ಲ.

ನೆರವಿನ ಸಲಕರಣೆ ಎಂದೊಡನೆ ಮೈಗೆ ಕಟ್ಟಿಕೊಳ್ಳುವ ಯಾಂತ್ರಿಕ ಚೌಕಟ್ಟು, ಪಕ್ಕದಲ್ಲಿ ನಿಲ್ಲುವ ರೋಬೋ ನೆನಪಾಗಿ, ಕೂಡಲೇ ಖರ್ಚಿನ ಮಾತು ಬರುತ್ತದೆ. ಪುರಾವೆ ಬೇರೆಯದನ್ನೇ ಹೇಳುತ್ತದೆ. ಜರ್ಮನಿಯ ಡಿಂಗೊಲ್ಫಿಂಗ್‌ನಲ್ಲಿ ಬಿಎಂಡಬ್ಲ್ಯು ಕಂಪನಿ 2007ರಲ್ಲಿ ಒಂದು ಲೈನ್‌ಗೆ ಸರಾಸರಿ 47 ವರ್ಷದವರನ್ನು ಹಾಕಿ, ಏನು ಬದಲಾಗಬೇಕೆಂದು ಅವರನ್ನೇ ಕೇಳಿತು. ಮರದ ನೆಲಹಾಸು, ಎತ್ತರ ಹೊಂದಿಸುವ ಮೇಜು, ಕೂತು ಮಾಡಲು ಕುರ್ಚಿ, ಭೂತಗನ್ನಡಿ, ಪರದೆಯ ಮೇಲೆ ದೊಡ್ಡ ಅಕ್ಷರ, ಪಾಳಿಯ ನಡುವೆ ಕೆಲಸದ ಅದಲುಬದಲು, ಹೀಗೆ ಸುಮಾರು 70 ಚಿಕ್ಕ ಬದಲಾವಣೆಗಳಾದವು. ಒಟ್ಟು ಖರ್ಚು ಸುಮಾರು 40,000 ಯೂರೋ. ಒಂದು ವರ್ಷದಲ್ಲಿ ಉತ್ಪಾದಕತೆ ಶೇ 7ರಷ್ಟು ಏರಿತು. ಶ್ರೀಮಂತ ದೇಶದ ಮಾತು ಇಲ್ಲಿಗೇಕೆ ಎನ್ನುವವರು ಅಸ್ಸಾಮಿನತ್ತ ನೋಡಲಿ. ಅಲ್ಲಿನ ಚಹಾ ತೋಟದಲ್ಲಿ 40 ದಾಟಿದ ಸುಮಾರು 750 ಕಾರ್ಮಿಕರ ನಡುವೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ್ದನ್ನು ನೋಡುವ ಕನ್ನಡಕ ಕೊಟ್ಟವರ ಉತ್ಪಾದಕತೆ ಕೊಡದವರಿಗಿಂತ ಶೇ 21ಕ್ಕೂ ಹೆಚ್ಚು ಏರಿತು. 50 ಮೀರಿದವರಲ್ಲಿ ಲಾಭ ಇನ್ನೂ ಹೆಚ್ಚು. ಚಹಾ ಎಲೆ ಕೀಳುವುದಕ್ಕೇ ಇಷ್ಟಾದರೆ, ಸರ್ಕ್ಯೂಟ್ ಬೋರ್ಡಿನ ಬೆಸುಗೆ ನೋಡುವವರಿಗೆ, ಕುದಿನೀರಿನ ಬಾಣಲೆಯಲ್ಲಿ ರೇಷ್ಮೆಯ ಎಳೆ ಹುಡುಕುವವರಿಗೆ ಎಷ್ಟಾಗಬಹುದು?

ಕೋಲಾರದಲ್ಲಿ ಯುವಕರಿಗೆ ಬರವಿಲ್ಲ, ಸುಸ್ತಾದವರನ್ನು ಬದಲಿಸುವುದೇ ಅಗ್ಗ ಎಂಬ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೇಮಕಾತಿ ಜಾಹೀರಾತಿನ ವಯೋಮಿತಿ ಹೇಳುತ್ತದೆ. ಅದು ಅಗ್ಗವಾಗಿ ಕಾಣುವುದು, ಸವೆದ ದೇಹದ ವೆಚ್ಚ ಇಎಸ್‌ಐ ಆಸ್ಪತ್ರೆಗೂ ಕಾರ್ಮಿಕರ ಮನೆಗೂ ವರ್ಗವಾಗುವುದರಿಂದ. ಭಾರ ಎತ್ತುವ ಹಾಯಿಸ್ಟ್ ಐವತ್ತರವರಿಗೆ ನೆರವಾಗುವಂತೆಯೇ ಇಪ್ಪತ್ತರವರ ಬೆನ್ನನ್ನೂ ಉಳಿಸುತ್ತದೆ. ನಮ್ಮ ಕಾರ್ಮಿಕ ಬಂಧುಗಳ ಆತಂಕ ಇನ್ನೊಂದು: ನೆರವಿಗೆಂದು ಬಂದ ಯಂತ್ರ ನಾಳೆ ಕೆಲಸವನ್ನೇ ಕಿತ್ತುಕೊಂಡರೆ? ಮೈಗೆ ತೊಡಿಸಿದ ಸಾಧನ ಯಾರು ನಿಧಾನ ಎಂದು ಎಣಿಸತೊಡಗಿದರೆ? ಈ ಭಯಕ್ಕೆ ಆಧಾರವಿದೆ. ಆದ್ದರಿಂದಲೇ ಯಂತ್ರ ಬೇಡವೆನ್ನದೆ, ಷರತ್ತಿನೊಡನೆ ಕೇಳುತ್ತಿದ್ದೇವೆ. ನಿಂತು ಕೆಲಸ ಮಾಡುವವರಿಗೆ ಆಸನ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ ಹೇಳಿತ್ತು; ಅತಿಭಾರ ಎತ್ತಿಸಬಾರದೆಂದು 34ನೇ ಕಲಂ. ನಾವು ಕೇಳುವುದು ಆ ತತ್ವದ ಮುಂದುವರಿಕೆಯನ್ನೇ.

ಆದುದರಿಂದ ತಪಾಸಣೆಯಲ್ಲಿ ದೃಷ್ಟಿ, ಬೆನ್ನು, ಮೊಣಕಾಲು, ಕೈಗಳ ತೊಂದರೆ ಕಂಡುಬಂದಲ್ಲಿ ಕಾರ್ಮಿಕರನ್ನು ಬಿಡಿಸುವ ಅಥವಾ ಕಡಿಮೆ ಸಂಬಳದ ಕೆಲಸಕ್ಕೆ ಹಾಕುವ ಮೊದಲು ಕೆಲಸದ ಜಾಗವನ್ನು ಹೊಂದಿಸಿ, ಅದನ್ನು ಲಿಖಿತವಾಗಿ ದಾಖಲಿಸುವುದನ್ನು ಕಡ್ಡಾಯ ಮಾಡಬೇಕು. ಕನ್ನಡಕದ ವೆಚ್ಚವನ್ನು ಮಾಲೀಕರೇ ಭರಿಸಬೇಕು. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಹೊಣೆ ಗುತ್ತಿಗೆದಾರರದ್ದಾಗದೆ ಮೂಲ ಕಾರ್ಖಾನೆಯದ್ದೇ ಆಗಬೇಕು. ಸಲಕರಣೆಯಿಂದ ಸಿಗುವ ಮಾಹಿತಿಯನ್ನು ವೇಗ ಅಳೆಯಲು, ಶಿಸ್ತುಕ್ರಮಕ್ಕೆ ಬಳಸಕೂಡದು. ರೇಷ್ಮೆ ನೂಲು ಬಿಚ್ಚಾಣಿಕೆಯಂಥ ಚಿಕ್ಕ ಘಟಕಗಳು ಈ ವೆಚ್ಚವನ್ನು ಒಂಟಿಯಾಗಿ ಹೊರಲಾರವು. ಅವುಗಳಿಗೆ ಸರ್ಕಾರವೇ ಸಹಾಯಧನ ಕೊಡಬೇಕು. ನಿಯಮದ ಕರಡು ಸಿದ್ಧವಾದಾಗ ಅಹವಾಲು ಸಭೆಯನ್ನು ಬೆಂಗಳೂರಿನಲ್ಲಷ್ಟೇ ನಡೆಸದೆ ಶ್ರೀನಿವಾಸಪುರದಲ್ಲೂ, ಪಾಳಿಯವರು ಬರಬಹುದಾದ ಭಾನುವಾರದಂದು ಕರೆಯಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗೌನಿಪಲ್ಲಿ ಹಾಗೂ ಸುತ್ತಲಿನ ಗ್ರಾಮಗಳ ಕಾರ್ಖಾನೆ ಕಾರ್ಮಿಕರು
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ