ಬಿಸಿನೀರಿನ ಹದ ಕಾಯುವ ಥರ್ಮೋಸ್ಟ್ಯಾಟ್

ನಸುಕಿನಲ್ಲೆದ್ದು, ಮಿಂದು, ಇಷ್ಟಲಿಂಗ ಪೂಜೆಗೆ ಕೂಡುವುದು ನಮ್ಮ ಮನೆತನಗಳ ನಿತ್ಯಕ್ರಮ. ಅದಕ್ಕೆ ಬೇಕಾದ ಬಿಸಿನೀರನ್ನು ಹಿಂದೆ ಬಚ್ಚಲ ಹಂಡೆ ಒದಗಿಸುತ್ತಿತ್ತು. ಒಲೆಗೆ ಎಷ್ಟು ಕಟ್ಟಿಗೆ ಇಡಬೇಕು, ಕೊಳ್ಳಿಯನ್ನು ಯಾವಾಗ ಹಿಂದಕ್ಕೆಳೆಯಬೇಕು ಎಂಬುದನ್ನು ಮನೆಯ ತಾಯಂದಿರು ನೀರಿಗೆ ಬೆರಳದ್ದಿ ಅರಿಯುತ್ತಿದ್ದರು. ಇಂದು ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ಆ ಬೆರಳಿನ ಕೆಲಸವನ್ನು ಗೀಸರಿನೊಳಗೆ ಕುಳಿತ ಥರ್ಮೋಸ್ಟ್ಯಾಟ್ ಎಂಬ ಪುಟ್ಟ ಸಾಧನ ಮಾಡುತ್ತಿದೆ. ದಿನವೂ ಅದನ್ನು ನಂಬಿ ಕೊಡ ತುಂಬಿಕೊಳ್ಳುವ ನಾವು ಅದರ ಬಗೆಗಳನ್ನು ತಿಳಿದಿರುವುದು ಲೇಸು. ಅದು ಕೆಟ್ಟರೆ ಸುಡುವುದು ಮೊದಲು ಕೂಸುಗಳ ಮತ್ತು ವೃದ್ಧರ ಮೈ.

ಪದ ಗ್ರೀಕ್ ಮೂಲದ್ದು. 'ಥರ್ಮೋಸ್' ಎಂದರೆ ಬಿಸಿ, 'ಸ್ಟಾಟೋಸ್' ಎಂದರೆ ನಿಂತದ್ದು. ಸಂಸ್ಕೃತದ 'ಘರ್ಮ' ಮತ್ತು 'ಸ್ಥಿತ' ಶಬ್ದಗಳಿಗೆ ಇವು ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕಾವನ್ನು ಒಂದೆಡೆ ನಿಲ್ಲಿಸುವುದೇ ಇದರ ಕಾಯಕ. 1830ರಲ್ಲಿ ಆಂಡ್ರ್ಯೂ ಯೂರ್ ಎಂಬ ಸ್ಕಾಟಿಷ್ ವಿದ್ವಾಂಸನು ಎರಡು ಲೋಹದ ಪಟ್ಟಿಗಳನ್ನು ಬೆಸೆದ ಸಾಧನಕ್ಕೆ ಪೇಟೆಂಟ್ ಪಡೆದನು. ಕಾವು ತಗುಲಿದಾಗ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ ಹಿಗ್ಗುತ್ತದೆ; ಜೋಡಿಸಿದ ಪಟ್ಟಿ ಆಗ ಬಾಗಲೇಬೇಕು. ಬಾಗಿದ ಪಟ್ಟಿ ವಿದ್ಯುತ್ತಿನ ಸಂಪರ್ಕವನ್ನು ಬಿಡಿಸುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಕೇಳಿಬರುವ 'ಟಿಕ್' ಶಬ್ದ ಇದೇ. ಅದರ ಗುಂಡಿಯ ಮೇಲಿನ ಒಂದು ಚುಕ್ಕೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡು ಚುಕ್ಕೆ 150, ಮೂರು ಚುಕ್ಕೆ 200. ರೇಷ್ಮೆಯ ಸೀರೆಗೆ ಮೂರು ಚುಕ್ಕೆ ಇಟ್ಟವರ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಫ್ರಿಜ್ಜಿನದು ಬೇರೆ ಬಗೆ. ಸಣ್ಣ ತಾಮ್ರದ ನಳಿಕೆಯೊಳಗೆ ಅನಿಲವನ್ನು ಮುಚ್ಚಿಟ್ಟಿರುತ್ತಾರೆ; ಒಳಗಿನ ಕಾವು ಏರಿದರೆ ಅನಿಲ ಹಿಗ್ಗಿ ಯಂತ್ರವನ್ನು ಹೊರಡಿಸುತ್ತದೆ. ಗುಂಡಿಯ ಮೇಲಿನ 1ರಿಂದ 7ರವರೆಗಿನ ಅಂಕಿಗಳು ಡಿಗ್ರಿಗಳಲ್ಲ. ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು, ಅಷ್ಟೆ. ಹೊಸ ಉಪಕರಣಗಳಲ್ಲಿ ಈ ಎರಡೂ ಇಲ್ಲದೆ, ಕಾವಿಗೆ ತಕ್ಕಂತೆ ವಿದ್ಯುತ್ತಿನ ತಡೆ ಬದಲಾಗುವ ಥರ್ಮಿಸ್ಟರ್ ಎಂಬ ಕಾಳಿನಷ್ಟು ತುಣುಕು ಇರುತ್ತದೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮ ಹಿರಿಯರು ಗೋಡೆಯ ಮೇಲೆ ಕಾಣುವ ಪೆಟ್ಟಿಗೆಯೂ ಥರ್ಮೋಸ್ಟ್ಯಾಟೇ. ಅಲ್ಲಿ ಇಡೀ ಮನೆಗೆ ಅದೇ ಯಜಮಾನ. ಅದರಲ್ಲಿ 72 ಎಂದಿದ್ದರೆ ಗಾಬರಿ ಬೇಡ, ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ 22 ಡಿಗ್ರಿ. ಧಾರವಾಡದ ಹಳೆಯ ಮಣ್ಣಿನ ಗೋಡೆಯ ಮಾಳಿಗೆ ಮನೆಗಳಿಗೆ ಇಂಥದು ಬೇಕಾಗಿರಲಿಲ್ಲ. ಗೋಡೆಯ ದಪ್ಪವೇ ಆ ಕೆಲಸ ಮಾಡುತ್ತಿತ್ತು.

ಇನ್ನು ಗೀಸರಿನ ಮಾತು. ಗುಂಡಿಯನ್ನು ಕಡೆಯವರೆಗೆ ತಿರುವಿದರೆ ನೀರು ಬೇಗ ಕಾಯುತ್ತದೆಂದು ಬಹುಜನರು ತಿಳಿದಿದ್ದಾರೆ. ಹಾಗಲ್ಲ. ಕಾಯುವ ವೇಗ ಒಂದೇ. ನಿಲ್ಲುವುದು ಮಾತ್ರ ತಡವಾಗುತ್ತದೆ. 15 ಲೀಟರಿನ, 2000 ವ್ಯಾಟಿನ ಗೀಸರು 20 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು 20 ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ, ವೆಚ್ಚ ಮುಕ್ಕಾಲು ಯೂನಿಟ್ಟಿನಷ್ಟು. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡಬಲ್ಲದು; ಕೂಸಿನ ಚರ್ಮಕ್ಕೆ ಅಷ್ಟೂ ಬೇಡ. 50 ಡಿಗ್ರಿಗಾದರೆ ನಿಮಿಷಗಳು ಬೇಕು. ಆದಕಾರಣ ಕೊಡದಲ್ಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಅಜ್ಜಿಯರ ಕ್ರಮವನ್ನು ನಾವು ಬಿಡಬಾರದು.

ಥರ್ಮೋಸ್ಟ್ಯಾಟಿನ ಸಂಪರ್ಕ ಕೆಲವೊಮ್ಮೆ ಅಂಟಿಕೊಂಡು ಬಿಡುತ್ತದೆ. ಆಗ ನೀರು ಕಾಯುತ್ತಲೇ ಇರುತ್ತದೆ. ಅದಕ್ಕಾಗಿ ಕಟ್‌ಔಟ್ ಎಂಬ ಎರಡನೆಯ ಕಾವಲು, ಅದೂ ತಪ್ಪಿದರೆ ಒತ್ತಡ ಬಿಡುವ ವಾಲ್ವ್ ಮೂರನೆಯದು. ತೊಟ್ಟಿಕ್ಕುತ್ತದೆಂದು ಆ ವಾಲ್ವಿನ ಬಾಯಿಗೆ ಬಿರಡೆ ಜಡಿಯುವವರಿದ್ದಾರೆ. ಇದು ಗೀಸರನ್ನು ಸಿಡಿಗುಂಡು ಮಾಡಿಕೊಂಡಂತೆ. ನಳದಿಂದ ಹಬೆ ಚಿಮ್ಮಿದರೆ, ದೀಪ ಎಷ್ಟು ಹೊತ್ತಾದರೂ ಆರದಿದ್ದರೆ, ಮೇನ್ ಸ್ವಿಚ್ಚನ್ನೇ ಆರಿಸಿ, ತಣಿಯಲು ಬಿಟ್ಟು, ಬಲ್ಲವರನ್ನು ಕರೆಯಬೇಕು. ಬೋರಿನ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣದ ಕಿಟ್ಟ ಕಾಯಿಲ್ ಮೇಲೂ ಥರ್ಮೋಸ್ಟ್ಯಾಟಿನ ನಳಿಕೆಯ ಮೇಲೂ ಕಟ್ಟಿ ಅದರ ಅರಿವನ್ನೇ ಮಂದ ಮಾಡುತ್ತದೆ. ಅಂಥವರು ಕಾಲಕಾಲಕ್ಕೆ ಬಿಚ್ಚಿಸಿ ತೊಳೆಸುವುದು ಒಳಿತು.

ಮಾಳಿಗೆಯ ಮೇಲಿನ ಸೋಲಾರ್ ಹಂಡೆಯಲ್ಲೂ ಥರ್ಮೋಸ್ಟ್ಯಾಟ್ ಇದೆಯಲ್ಲವೇ ಎನ್ನಬಹುದು. ಅದು ಮೋಡದ ದಿನಕ್ಕೆಂದು ಇಟ್ಟ ಕರೆಂಟಿನ ಕಾಯಿಲನ್ನು ತಡೆಯುತ್ತದೆಯೇ ಹೊರತು ಸೂರ್ಯನನ್ನಲ್ಲ. ಚೈತ್ರ-ವೈಶಾಖದ ಮಧ್ಯಾಹ್ನ ಆ ನಳದ ನೀರು ಗೀಸರಿನದಕ್ಕಿಂತ ಬಿಸಿಯಾಗಿರಬಹುದು.

ಗ್ಯಾಸ್ ಗೀಸರಿನದು ಎಲ್ಲಕ್ಕಿಂತ ಗಂಭೀರ. ಅದರ ಸಾಮಾನ್ಯ ಮಾದರಿಗಳಲ್ಲಿ ಇರುವ ಗುಂಡಿ ಉರಿಯನ್ನೂ ನೀರಿನ ಹರಿವನ್ನೂ ಹೆಚ್ಚುಕಡಿಮೆ ಮಾಡುವುದಷ್ಟೆ. ಬಚ್ಚಲಿನ ಗಾಳಿ ಕೆಟ್ಟಿದೆಯೇ ಎಂಬುದನ್ನು ಅದು ಅರಿಯದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಉರಿಗೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೀಯುವವರು ತಲೆಸುತ್ತಿ ಕುಸಿಯುತ್ತಾರೆ, ಕೂಗಲೂ ಆಗದು. ಇಂಥ ಸಾವುಗಳ ಸುದ್ದಿ ನಮ್ಮ ನಾಡಿನ ಪತ್ರಿಕೆಗಳಲ್ಲಿ ಚಳಿಗಾಲ ಬಂದಾಗಲೆಲ್ಲ ಕಾಣುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲ ಹೊರಗೆ, ಗಾಳಿ ಆಡುವ ಕಡೆ ಗೋಡೆಗೆ ಕೂಡಿಸಿ, ಪೈಪಿನ ಮೂಲಕ ನೀರನ್ನು ಮಾತ್ರ ಒಳಗೆ ತರಿಸಿಕೊಳ್ಳಬೇಕು. ಈಗಾಗಲೇ ಒಳಗಿದ್ದರೆ ಈ ಚಳಿಗಾಲಕ್ಕೆ ಮುಂಚೆಯೇ ಹೊರಕ್ಕೆ ಸರಿಸಿರಿ. ಅದಾಗುವ ತನಕ ಕೊಡ ತುಂಬಿಕೊಂಡು ಉರಿ ಆರಿಸಿ, ಕಿಟಕಿ ತೆರೆದು, ಆಮೇಲೆ ಮೀಯಿರಿ.