ಬಾರದ ಕರೆಗೆ ಎಚ್ಚರವಾಗುವ ಮೈ

ಬಸ್ಸಿನಲ್ಲಿ ನಿಂತವನೊಬ್ಬ ಥಟ್ಟನೆ ಜೇಬು ಮುಟ್ಟಿಕೊಳ್ಳುತ್ತಾನೆ. ಮೊಬೈಲ್ ಹೊರತೆಗೆದು ನೋಡುತ್ತಾನೆ. ಕರೆಯೂ ಇಲ್ಲ, ಸಂದೇಶವೂ ಇಲ್ಲ. ಅದನ್ನು ಮತ್ತೆ ಜೇಬಿಗಿಳಿಸುತ್ತಾನೆ. ಆದರೆ ತೊಡೆಯ ಬಳಿ ಫೋನು ನಡುಗಿದ್ದು ಅವನ ಅನುಭವಕ್ಕೆ ಬಂದದ್ದಂತೂ ನಿಜ. ಹಾಗಾದರೆ ನಡುಗಿದ್ದು ಯಾವುದು?

ಇದಕ್ಕೆ 'ಹುಸಿ ಕಂಪನ' ಎನ್ನಬಹುದು. 2010ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಆಸ್ಪತ್ರೆಯ ಸಿಬ್ಬಂದಿಯನ್ನು ವಿಚಾರಿಸಿದಾಗ ಶೇಕಡ 68 ಮಂದಿ ತಮಗೆ ಈ ಅನುಭವವಿದೆ ಎಂದರು. 2012ರಲ್ಲಿ ಅದೇ ದೇಶದ 290 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ ಹೀಗೆಂದವರು ಶೇಕಡ 89. ಸರಾಸರಿ ಎರಡು ವಾರಕ್ಕೊಮ್ಮೆ ಅವರಿಗೆ ಇಲ್ಲದ ಕಂಪನ ಇದ್ದಂತೆ ತೋರುತ್ತಿತ್ತು.

ಇದು ರೋಗವಲ್ಲ; ಹೆದರಬೇಕಾಗಿಲ್ಲ. ಬಟ್ಟೆಯ ಉಜ್ಜಾಟ, ಸ್ನಾಯುವಿನ ಸಣ್ಣ ಅದುರು ಇವೆಲ್ಲ ಚರ್ಮದಿಂದ ಮಿದುಳಿಗೆ ಸದಾ ವರದಿಯಾಗುತ್ತಲೇ ಇರುತ್ತವೆ. ಮಿದುಳು ಅವುಗಳಲ್ಲಿ ಬಹುಪಾಲನ್ನು ತಳ್ಳಿಹಾಕುತ್ತದೆ. ಆದರೆ ಅದು ಯಾವುದಕ್ಕಾದರೂ ಕಾಯುತ್ತಿದ್ದರೆ ಮಾತು ಬೇರೆ. ನೆಂಟರ ದಾರಿ ಕಾಯುವವರಿಗೆ ಗಾಳಿ ಬೀಸಿದರೂ ಗೇಟು ತೆರೆದಂತೆ ಕೇಳುವುದಿಲ್ಲವೇ? ಹಾಗೆಯೇ ಇದು. ಹುಸಿ ಕಂಪನ ಹೇಳುವುದು ಇಷ್ಟೇ: ಫೋನು ಸುಮ್ಮನಿದ್ದಾಗಲೂ ಅದರ ಒಡೆಯನ ಮೈ ಸುಮ್ಮನಿಲ್ಲ.

ಒಲೆಯ ಮೇಲಿಟ್ಟ ಹಾಲು

ಮೊಬೈಲ್ ತರುವ ಒತ್ತಡವೆಂದರೆ ಸಾಮಾನ್ಯವಾಗಿ ಗಂಟೆಗಳ ಲೆಕ್ಕವೇ ಮುಂದೆ ಬರುತ್ತದೆ. 'ದಿನಕ್ಕೆ ನಾಲ್ಕು ಗಂಟೆ ನೋಡುತ್ತಾನೆ' ಎಂದು ತಾಯಿಯ ದೂರು. 'ಅರ್ಧ ಗಂಟೆ ಮಾತ್ರ' ಎಂದು ಮಗನ ವಾದ. ನೋಡುವ ಹೊತ್ತಿನಷ್ಟೇ ಕಾಯುವ ಹೊತ್ತೂ ದಣಿಸುತ್ತದೆ ಎಂಬುದನ್ನು ಇಬ್ಬರೂ ಮರೆಯುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದು ಮಾತಿಗೆ ಕೂತವರನ್ನು ಗಮನಿಸಿ. ಮಾತು ಇಲ್ಲಿ, ಕಿವಿ ಅಡುಗೆಮನೆಯಲ್ಲಿ. ಪುಸ್ತಕದ ಪಕ್ಕದಲ್ಲಿಟ್ಟ ಮೊಬೈಲ್ ಅಂಥ ಹಾಲು. ಒಂದೇ ವ್ಯತ್ಯಾಸ, ಇದನ್ನು ಇಳಿಸುವ ಹೊತ್ತು ಬರುವುದೇ ಇಲ್ಲ.

2015ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಇದರ ಪರೀಕ್ಷೆ ನಡೆಯಿತು. ಏಕಾಗ್ರತೆ ಬೇಡುವ ಕೆಲಸದಲ್ಲಿ ತೊಡಗಿದ್ದವರಿಗೆ ಅವರ ಅರಿವಿಲ್ಲದಂತೆ ಕರೆ ಅಥವಾ ಸಂದೇಶ ಕಳಿಸಲಾಯಿತು. ಅವರು ಫೋನು ಮುಟ್ಟದಿದ್ದರೂ ತಪ್ಪುಗಳು ಹೆಚ್ಚಿದವು. ಆ ಹೆಚ್ಚಳ ಫೋನನ್ನು ನಿಜಕ್ಕೂ ಬಳಸುವವರ ತಪ್ಪುಗಳಿಗೆ ಹೋಲಿಸುವಷ್ಟಿತ್ತು. 'ಯಾರಿರಬಹುದು?' ಎಂಬ ಪ್ರಶ್ನೆಯೊಂದೇ ಸಾಕಾಯಿತು.

2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮುಂದೆ ಹೋದರು. ಸದ್ದಡಗಿಸಿದ ಫೋನನ್ನು ಕೆಲವರು ಮೇಜಿನ ಮೇಲೆ, ಕೆಲವರು ಜೇಬು ಅಥವಾ ಚೀಲದಲ್ಲಿ, ಉಳಿದವರು ಬೇರೆ ಕೋಣೆಯಲ್ಲಿ ಇಟ್ಟು ಪರೀಕ್ಷೆ ಬರೆದರು. ಬೇರೆ ಕೋಣೆಯಲ್ಲಿಟ್ಟವರ ಅಂಕಗಳು ಮೇಜಿನ ಮೇಲಿಟ್ಟವರಿಗಿಂತ ಹೆಚ್ಚಿದ್ದವು. ಮುಂದೆ ಬೇರೆಯವರು ಇದೇ ಪ್ರಯೋಗ ಮಾಡಿದಾಗ ಎಲ್ಲ ಕಡೆಯೂ ಅದೇ ಫಲ ದೊರೆಯಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಓದುವ ಹೊತ್ತಿನಲ್ಲಿ ಫೋನನ್ನು ಬೇರೆ ಕೋಣೆಯಲ್ಲಿಟ್ಟರೆ ನಷ್ಟವೇನಿಲ್ಲವಲ್ಲ!

ದೇಹದಲ್ಲಿ ನಡೆಯುವುದೇನು?

ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಟಕ್ಕೆ ಅಥವಾ ಓಟಕ್ಕೆ ಸಜ್ಜಾಗುತ್ತದೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಮೂತ್ರಪಿಂಡಗಳ ಮೇಲೆ ಟೊಪ್ಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಅವೇ ಗ್ರಂಥಿಗಳ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಈ ಸಿದ್ಧತೆಯನ್ನು ಕಾಯ್ದುಕೊಳ್ಳಲು ನೆರವಾಗುತ್ತದೆ. ಅಪಾಯ ಕಳೆದರೆ ದೇಹ ಮೊದಲಿನ ಸ್ಥಿತಿಗೆ ಮರಳುತ್ತದೆ. ಒತ್ತಡ ಬಿಡದೆ ಮುಂದುವರಿದರೆ ದೇಹ ಸೋಲುತ್ತದೆ ಎಂಬುದನ್ನು ಕೆನಡಾದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು.

ಸಂದೇಶದ ಗಂಟೆ ಹುಲಿಯ ಗರ್ಜನೆಯಲ್ಲ, ನಿಜ. ಅದು ಎಬ್ಬಿಸುವ ಎಚ್ಚರವೂ ಸಣ್ಣದು. ಆದರೆ ಹುಲಿ ಬಂದು ಹೋಗುತ್ತದೆ. ಇದು ದಿನವಿಡೀ ಬರುತ್ತಿರುತ್ತದೆ. ಕೆಲಸದ ನಡುವೆ ಪದೇ ಪದೇ ಅಡಚಣೆಗೊಳಗಾದವರು ಕೆಲಸವನ್ನು ಬೇಗನೆ ಮುಗಿಸಿದರೂ ಹೆಚ್ಚು ಒತ್ತಡ, ಹೆಚ್ಚು ಬೇಸರ ಅನುಭವಿಸಿದರೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಕೆಲಸ ಕೆಡಲಿಲ್ಲ, ಅದರ ಬೆಲೆಯನ್ನು ಕೆಲಸ ಮಾಡಿದವರು ತೆತ್ತರು.

ಇರುಳಿನ ಕಥೆ ಇನ್ನೊಂದು. ಕತ್ತಲಾದಂತೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸಿ, ನಿದ್ದೆಯ ಹೊತ್ತಾಯಿತೆಂದು ದೇಹಕ್ಕೆ ಸೂಚಿಸುತ್ತದೆ. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ 12 ಮಂದಿ ಕೆಲವು ರಾತ್ರಿ ಬೆಳಗುವ ಪರದೆಯ ಮೇಲೆ, ಕೆಲವು ರಾತ್ರಿ ಅಚ್ಚಾದ ಪುಸ್ತಕದಲ್ಲಿ ಓದಿದರು. ಪರದೆಯಲ್ಲಿ ಓದಿದಾಗ ಮೆಲಟೋನಿನ್ ತಗ್ಗಿತು, ನಿದ್ದೆ ಸುಮಾರು 10 ನಿಮಿಷ ತಡವಾಯಿತು, ಮರುದಿನ ಬೆಳಗ್ಗೆ ಜಡತೆಯೂ ಹೆಚ್ಚಿತ್ತು. ಬೆಳಕಿನ ಜೊತೆಗೆ ಗೆಳೆಯರ ಗುಂಪಿನ ಜಗಳವೂ ದಿಂಬಿನ ಪಕ್ಕಕ್ಕೆ ಬಂದರೆ ನಿದ್ದೆ ಎಲ್ಲಿಂದ ಬರಬೇಕು?

ಅಂಚೆಯವನು ಕಲಿಸಿದ ಪಾಠ

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಂದಿಗೆ ಮಾತನಾಡಿದರು. ಅದಕ್ಕೆ ಮೊದಲು ಧಾರವಾಡದ ಹಾಸ್ಟೆಲಿನಲ್ಲಿ ಓದುವ ಮಗನ ಯೋಗಕ್ಷೇಮ ಊರಿಗೆ ತಿಳಿಯುತ್ತಿದ್ದುದು ಬಹುಮಟ್ಟಿಗೆ ಇನ್‌ಲ್ಯಾಂಡ್ ಪತ್ರದಿಂದ. ಆಗ ತಾಯಿಗೆ ಕಳವಳವಿರಲಿಲ್ಲವೆಂದಲ್ಲ. ಆದರೆ ಕಾಯುವುದಕ್ಕೊಂದು ಎಲ್ಲೆಯಿತ್ತು. ಅಂಚೆಯವನು ಬೀದಿ ದಾಟಿ ಹೋದನೆಂದರೆ ಆ ದಿನದ ಕಾಯುವಿಕೆ ಮುಗಿಯಿತು, ಇನ್ನು ನಾಳೆ.

ಇಂದು ಆ ಎಲ್ಲೆ ಅಳಿಸಿದೆ. 2014ರ ನವೆಂಬರಿನಲ್ಲಿ ವಾಟ್ಸ್ಆ್ಯಪ್ ನೀಲಿ ಗುರುತುಗಳನ್ನು ತಂದ ಮೇಲೆ 'ಓದಿಯೂ ಉತ್ತರಿಸಲಿಲ್ಲ' ಎಂಬ ಹೊಸ ಮುನಿಸೂ ಹುಟ್ಟಿತು. ಮಗ ಹತ್ತು ನಿಮಿಷ ಫೋನೆತ್ತದಿದ್ದರೆ ತಾಯಿಯ ಎದೆ ಹೊಡೆದುಕೊಳ್ಳುತ್ತದೆ. ಎಲ್ಲಿ ಅಮ್ಮನ ಕರೆ ತಪ್ಪಿಹೋಗುವುದೋ ಎಂದು ಮಗ ತರಗತಿಯಲ್ಲೂ ಜೇಬಿನ ಮೇಲೆ ಕೈಯಿಟ್ಟಿರುತ್ತಾನೆ. ಇಬ್ಬರದೂ ಪ್ರೀತಿಯೇ. ದಣಿಯುವವರೂ ಇಬ್ಬರೇ.

ಹಾಗೆಂದು ಫೋನನ್ನು ಕಿತ್ತುಕೊಂಡು ಬೀರುವಿನಲ್ಲಿ ಬೀಗ ಹಾಕಿದರೆ ಸರಿಹೋದೀತೇ? ಇದಕ್ಕೆ 2019ರಲ್ಲಿ ಪ್ರಕಟವಾದ, 237 ಮಂದಿ ಪಾಲ್ಗೊಂಡ ಅಧ್ಯಯನವೊಂದು ಉತ್ತರ ಕೊಡುತ್ತದೆ. ಕೆಲವರಿಗೆ ಫೋನಿನ ಸೂಚನೆಗಳು ಎಂದಿನಂತೆ ಬರುತ್ತಿದ್ದವು. ಕೆಲವರಿಗೆ ಅವನ್ನು ಒಟ್ಟುಗೂಡಿಸಿ ದಿನಕ್ಕೆ ಮೂರೇ ಸಲ ತಲುಪಿಸಲಾಯಿತು. ಕೆಲವರಿಗೆ ಪೂರಾ ನಿಲ್ಲಿಸಲಾಯಿತು. ಮೂರು ಸಲ ಪಡೆದವರ ಗಮನ, ಮನಸ್ಸಿನ ಉಲ್ಲಾಸ ಎರಡೂ ಸುಧಾರಿಸಿದವು. ಪೂರಾ ನಿಂತವರಿಗೆ ಅಂಥ ಲಾಭ ಹೆಚ್ಚೇನೂ ಆಗಲಿಲ್ಲ; ಬದಲಿಗೆ ಏನನ್ನೋ ಕಳೆದುಕೊಳ್ಳುತ್ತಿದ್ದೇವೆಂಬ ಆತಂಕ ಏರಿತು. ಅರ್ಥಾತ್, ಮನಸ್ಸಿಗೆ ಬೇಕಾದದ್ದು ಮೌನವಲ್ಲ, ಹೊತ್ತು ಗೊತ್ತು. ಹಳೆಯ ಅಂಚೆಯವನು ಕೊಡುತ್ತಿದ್ದುದೂ ಅದನ್ನೇ.

ಮನೆಯಲ್ಲಿ ಮಾಡಬಹುದಾದದ್ದು

ಕರೆಯ ಹೊತ್ತನ್ನು ಮಕ್ಕಳೂ ಹೆತ್ತವರೂ ಕೂತು ಗೊತ್ತುಮಾಡಿಕೊಳ್ಳಲಿ: ರಾತ್ರಿ ಊಟದ ನಂತರ ಎಂದೋ, ಸಂಜೆ ಆರಕ್ಕೆ ಎಂದೋ. ತುರ್ತಿದ್ದರೆ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡುವುದು ಎಂಬ ಒಪ್ಪಂದವಿರಲಿ. ಆಗ ಒಂದೇ ಕರೆ ತಪ್ಪಿದರೆ ಯಾರೂ ಗಾಬರಿಯಾಗಬೇಕಿಲ್ಲ. ಓದುವಾಗ ಫೋನು ಬೇರೆ ಕೋಣೆಯಲ್ಲಿರಲಿ. ರಾತ್ರಿ ಎಲ್ಲರ ಫೋನೂ ನಡುಮನೆಯಲ್ಲಿ ಮಲಗಲಿ, ಅಪ್ಪನದೂ ಸೇರಿ. ಬೆಳಗ್ಗೆ ಎಬ್ಬಿಸಲು ಒಂದು ಅಲಾರಂ ಗಡಿಯಾರ ಸಾಕು. ಮಗುವಿನ ಓದು, ನಿದ್ದೆ, ಊಟ ಮೂರೂ ಕೆಟ್ಟು, ಫೋನು ಬಿಡಿಸಲು ಹೋದರೆ ರಂಪವಾಗುವಂತಿದ್ದರೆ ತಜ್ಞರನ್ನು ಕಾಣುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಷಟ್' ಎಂಬ ವಿಶೇಷ ಚಿಕಿತ್ಸಾಲಯ ತೆರೆದಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ವಾರ, ಗಂಟೆ ಬಾರಿಸದೆ ಇದ್ದರೂ ಕೈ ಫೋನಿನತ್ತ ಹೋದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಒಂದು ಗೆರೆ ಎಳೆಯಿರಿ. ಎರಡನೆಯ ವಾರ ಮೇಲಿನ ಕ್ರಮಗಳನ್ನು ಪಾಲಿಸಿ, ಮತ್ತೆ ಗೆರೆಗಳನ್ನು ಎಣಿಸಿ. ಅಪ್ಪ ಅಮ್ಮನಿಗೂ ಒಂದೊಂದು ಪುಸ್ತಕ ಕೊಡಿ. ಭಾನುವಾರ ಮೂವರೂ ಲೆಕ್ಕ ಹೋಲಿಸಿ ನೋಡಿದರೆ ಮನೆಯಲ್ಲಿ ಯಾರ ಮೈ ಹೆಚ್ಚು ಕಾಯುತ್ತಿದೆ ಎಂಬುದು ತಿಳಿಯುತ್ತದೆ.